ಲೈಬ್ರರಿಯ ರಿಸರ್ಚ್ ಗೈಡ್ ಬಳಸುವುದು ಹೇಗೆ?

ಏನಾದರೂ ತಿಳಿಯಬೇಕು ಅಂದರೆ ಮೊದಲು ಗೂಗಲ್‌ಗೆ ಹೋಗುತ್ತೇವೆ, ಅಲ್ವಾ? ಆದರೆ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳ ವೆಬ್‌ಸೈಟಿನಲ್ಲಿ ‘ರಿಸರ್ಚ್ ಗೈಡ್’ ಅಂತ ಒಂದು ವಿಭಾಗ ಇರುತ್ತದೆ. ಒಂದು ವಿಷಯಕ್ಕೆ ಯಾವ ಪುಸ್ತಕದಿಂದ ಶುರು ಮಾಡಬೇಕು, ಲೇಖನಗಳು ಯಾವ ಡೇಟಾಬೇಸಿನಲ್ಲಿ ಸಿಗುತ್ತವೆ, ಯಾವ ಪದ ಹಾಕಿ ಹುಡುಕಬೇಕು ಅಂತ ಗ್ರಂಥಪಾಲಕರೇ ಕೂತು, ಆರಿಸಿ, ಬರೆದಿಟ್ಟಿರುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಿ.

ಅದಕ್ಕೂ ಮೊದಲು ವಿಷಯವನ್ನು ಒಂದು ಪ್ರಶ್ನೆ ಮಾಡಿಕೊಳ್ಳಿ. ಸುಮ್ನೆ ‘ಜೇನು’ ಅಂದರೆ ರಾಶಿ ರಾಶಿ ಬಂದು ಬೀಳುತ್ತದೆ. ‘ಪೆಟ್ಟಿಗೆಯಲ್ಲಿ ಸಾಕಿದ ಜೇನು ಗೂಡು ಬಿಟ್ಟು ಹೋಗುವುದು ಯಾಕೆ?’ ಅಂದರೆ ದಾರಿ ಕಾಣುತ್ತದೆ. ಗೈಡ್‌ನಲ್ಲಿ ಹೇಳಿದ ವಿಶ್ವಕೋಶವನ್ನು ಮೊದಲು ತೆರೆಯಿರಿ. ಅಲ್ಲಿ ‘ಮೇಣದ ಪತಂಗ’ (ಜೇನುಗೂಡಿಗೆ ಕಾಟ ಕೊಡುವ ಒಂದು ಕೀಟ) ಅಂತ ಒಂದು ಪದ ಸಿಕ್ಕಿತು ಅನ್ನಿ, ಮುಂದಿನ ಹುಡುಕಾಟ ಆ ಪದದಿಂದ ಮಾಡಿ. ಎರಡು ಪದ ಜೊತೆಯಾಗಿಯೇ ಬರಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ.

ಈಗ ಕಪಾಟಿಗೆ ಬನ್ನಿ. ಎಷ್ಟೋ ಕಡೆ ಪುಸ್ತಕ ಜೋಡಿಸುವುದು 1876ರಲ್ಲಿ ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ, ಪ್ರತಿ ವಿಷಯಕ್ಕೂ ಒಂದು ನಂಬರ್ ಕೊಡುವ ದಶಾಂಶ ಪದ್ಧತಿಯಲ್ಲಿ. ಅದರಲ್ಲಿ ಜೇನು ಸಾಕಣೆ ಇರುವುದು 638.1ರಲ್ಲಿ, ಕೃಷಿಯ ಪುಸ್ತಕಗಳ ಜೊತೆ. ಜೇನುನೊಣ ಅನ್ನುವ ಕೀಟದ ಬಗ್ಗೆ ಬೇಕಾದರೆ 595.799, ಅದು ಪ್ರಾಣಿಶಾಸ್ತ್ರದ ಕಡೆ. ಒಂದೇ ನೊಣ, ಎರಡು ಕಪಾಟು! ಒಂದನ್ನೇ ನೋಡಿ ಬಂದರೆ ಅರ್ಧ ಉತ್ತರ ಅಲ್ಲೇ ಉಳಿದುಬಿಡುತ್ತದೆ. ಹುಡುಕಿದ ಪುಸ್ತಕದ ಅಕ್ಕಪಕ್ಕದಲ್ಲಿ ಇರುವುದನ್ನೂ ಕೈಗೆತ್ತಿಕೊಳ್ಳಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಲ್ಲಿ ನಿಮ್ಮ ಪದ ಇದೆಯಾ ನೋಡಿ.

ಲೈಬ್ರರಿ ದುಡ್ಡು ಕೊಟ್ಟು ತರಿಸುವ ಡೇಟಾಬೇಸುಗಳನ್ನು ಎಷ್ಟೋ ಕಡೆ ಕಾರ್ಡ್ ನಂಬರ್ ಹಾಕಿ ಮನೆಯಿಂದಲೇ ಓದಬಹುದು. ಭಾಷೆ, ಕಂಪ್ಯೂಟರ್ ಕಲಿಯುವ ಕೋರ್ಸುಗಳೂ ಅಲ್ಲೇ ಇರಬಹುದು, ಒಮ್ಮೆ ನೋಡಿ. ಪುಸ್ತಕ ಇಲ್ಲದಿದ್ದರೆ ಬೇರೆ ಲೈಬ್ರರಿಯಿಂದ ತರಿಸಿಕೊಡುತ್ತೀರಾ ಅಂತ ಕೇಳಿ.

ಹಾಗೇ ಗ್ರಂಥಪಾಲಕರನ್ನು ಕೇಳಲು ಸಂಕೋಚ ಬೇಡ, ಅದು ಅವರ ಕೆಲಸವೇ. ‘ಜೇನಿನ ಪುಸ್ತಕ ಎಲ್ಲಿದೆ?’ ಅನ್ನಬೇಡಿ. ನಿಮ್ಮ ಪೂರ್ತಿ ಪ್ರಶ್ನೆ ಹೇಳಿ, ಇಲ್ಲಿಯವರೆಗೆ ಏನೇನು ನೋಡಿದಿರಿ ಅಂತಲೂ ಹೇಳಿ. ಆಗ ಅವರು ನೀವು ನೋಡಿದ ಕಪಾಟಿಗೇ ಮತ್ತೆ ಕಳಿಸುವುದಿಲ್ಲ.

ಪುಸ್ತಕ ವಾಪಸ್ ಕೊಡುವ ಮೊದಲು ಅದರ ಬೆನ್ನಿನ ಮೇಲಿನ ನಂಬರ್, ಬರೆದವರ ಹೆಸರು, ಮುದ್ರಣದ ವರ್ಷ, ನಿಮಗೆ ಬೇಕಾದ ಪುಟದ ಸಂಖ್ಯೆ ಬರೆದಿಟ್ಟುಕೊಳ್ಳಿ.