ಗಾಡಿ ಟೆಸ್ಟ್‌ನಲ್ಲಿ ಫೇಲ್ ಆಯ್ತಾ? ಕೀಲಿ ತಿರುಗಿಸುವ ಮೊದಲು ಚೀಟಿ ಓದಿ

ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ಕಡ್ಡಾಯ ಟೆಸ್ಟ್‌ನಲ್ಲಿ ಕೈಗೆ ಫೇಲ್ ರಿಪೋರ್ಟ್ ಬಂದ ತಕ್ಷಣ ಹೆಚ್ಚಿನವರು ಅದನ್ನು ಮಡಚಿ ಜೇಬಿಗೆ ಹಾಕಿ, ಗಾಡಿ ಹತ್ತಿ ಮನೆಗೆ ಹೊರಡುತ್ತಾರೆ. ಓಡಿಸಿಕೊಂಡೇ ಬಂದಿದ್ದೇನೆ, ಓಡಿಸಿಕೊಂಡು ಹೋಗುವುದಕ್ಕೇನು ಎಂಬ ಲೆಕ್ಕ. ಈ ಲೆಕ್ಕ ಕೆಲವು ಸಲ ಸರಿ ಇರುತ್ತದೆ, ಕೆಲವು ಸಲ ಜೀವಕ್ಕೇ ಕುತ್ತು. ನಿಮ್ಮದು ಯಾವುದು ಅನ್ನುವುದು ಆ ರಿಪೋರ್ಟ್‌ನಲ್ಲೇ ಬರೆದಿರುತ್ತದೆ. ಅದನ್ನು ಅಲ್ಲೇ ನಿಂತು ಓದಿ.

ಮೊದಲು ಎರಡು ಪ್ರಶ್ನೆ

ಹಿಂದಿನ ಟೆಸ್ಟ್ ಪಾಸಾದಾಗ ಕೊಟ್ಟ ಹಳೇ ಸರ್ಟಿಫಿಕೇಟ್‌ನ ಅವಧಿ ಇನ್ನೂ ಇದೆಯಾ? ಇವತ್ತು ಸಿಕ್ಕಿದ ದೋಷ ಎಷ್ಟು ದೊಡ್ಡದು? ಇವೆರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಹಳೇ ಸರ್ಟಿಫಿಕೇಟ್‌ಗೆ ಇನ್ನೂ ಮೂರು ವಾರ ಇದೆ ಎಂದ ಮಾತ್ರಕ್ಕೆ ಸೋರುವ ಬ್ರೇಕ್ ಪೈಪ್ ಸರಿಯಾಗುವುದಿಲ್ಲ, ಅಲ್ವಾ?

ಯುರೋಪಿನಲ್ಲಿ 2018ರ ಮೇ ತಿಂಗಳಿಂದ ದೋಷಗಳನ್ನು ಮೂರು ದರ್ಜೆಯಾಗಿ ಬರೆಯುತ್ತಾರೆ: ಸಣ್ಣದು, ದೊಡ್ಡದು, ಅಪಾಯಕಾರಿ. ಬ್ರಿಟನ್ನಿನಲ್ಲಿ ಎಂಓಟಿ ಎಂದು ಕರೆಯುವ ಇಂಥದೇ ಟೆಸ್ಟ್‌ನಲ್ಲೂ ಇದೇ ದರ್ಜೆಗಳಿವೆ. ಸಣ್ಣ ದೋಷವಿದ್ದರೂ ಗಾಡಿ ಪಾಸ್. ಉಳಿದೆರಡರಲ್ಲಿ ಯಾವುದೊಂದು ಇದ್ದರೂ ಫೇಲ್. ಅಲ್ಲಿ ಫೇಲ್ ಆದ ಗಾಡಿಯನ್ನು ಓಡಿಸಿಕೊಂಡು ಹೋಗಬೇಕಾದರೆ ಹಳೇ ಎಂಓಟಿ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು, ರಿಪೋರ್ಟ್‌ನಲ್ಲಿ ಅಪಾಯಕಾರಿ ದೋಷ ಒಂದೂ ಇರಬಾರದು. ಅಷ್ಟಿದ್ದರೂ ಗಾಡಿ ರಸ್ತೆಗೆ ಇಳಿಯುವ ಸ್ಥಿತಿಯಲ್ಲಿ ಇರಲೇಬೇಕು. ಅಪಾಯಕಾರಿ ಸ್ಥಿತಿಯಲ್ಲಿ ಓಡಿಸಿದರೆ 2,500 ಪೌಂಡ್‌ವರೆಗೆ ದಂಡ, ಲೈಸೆನ್ಸ್ ಮೇಲೆ ಪಾಯಿಂಟ್, ಗಾಡಿ ಓಡಿಸದಂತೆ ನಿಷೇಧವೂ ಬರಬಹುದು.

ಜರ್ಮನಿಯಲ್ಲಿ ರಸ್ತೆಗೆ ಯೋಗ್ಯವೇ ಅಲ್ಲ ಎಂದು ತೀರ್ಮಾನವಾದರೆ ನಂಬರ್ ಪ್ಲೇಟ್ ಮೇಲೆ ಅಂಟಿಸಿರುವ ಟೆಸ್ಟ್ ಪಾಸಾದ ಸ್ಟಿಕ್ಕರನ್ನೇ ತೆಗೆದುಬಿಡುತ್ತಾರೆ. ಭಾರತದ ಕಾನೂನು ಬಾಡಿಗೆ ಗಾಡಿಗಳ ಮೇಲೆ ಇನ್ನೂ ಬಿಗಿ. ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಚಾಲ್ತಿಯಲ್ಲಿ ಇಲ್ಲದ ಸಾರಿಗೆ ವಾಹನಕ್ಕೆ ನೋಂದಣಿಯೇ ಇಲ್ಲ ಎಂದು ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಲೆಕ್ಕ ಹಾಕುತ್ತದೆ. ಅಂದರೆ ತಪ್ಪು ಬರೀ ಒಂದು ಕಾಗದದ್ದಾಗಿ ಉಳಿಯುವುದಿಲ್ಲ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ತಕರಾರು ತೆಗೆಯುವುದಕ್ಕೂ ದಾರಿಯಾಗುತ್ತದೆ.

ಗ್ಯಾರೇಜ್‌ಗೆ ಹೇಗೆ ಒಯ್ಯುವುದು?

ರಿಪೇರಿಗಾದರೂ ಗಾಡಿ ಹೋಗಬೇಕಲ್ಲ! ಎಂಓಟಿ ಅವಧಿ ಮುಗಿದಿದ್ದರೂ ಮೊದಲೇ ಗೊತ್ತು ಮಾಡಿಕೊಂಡ ಗ್ಯಾರೇಜ್‌ಗೆ ಅಥವಾ ಟೆಸ್ಟ್‌ಗೆ ಹೋಗಲು ಬ್ರಿಟನ್ನಿನಲ್ಲಿ ಅವಕಾಶವಿದೆ. ಬುಕ್ಕಿಂಗ್ ಮೆಸೇಜ್ ಫೋನ್‌ನಲ್ಲಿ ಇಟ್ಟುಕೊಳ್ಳಿ. ದಾರಿಯಲ್ಲಿ ತರಕಾರಿ ತರೋಣ, ಮಗುವನ್ನು ಶಾಲೆಯಿಂದ ಕರೆದುಕೊಂಡು ಹೋಗೋಣ ಎಂದರೆ ಆ ವಿನಾಯಿತಿ ಅಲ್ಲಿಗೆ ಮುಗಿಯಿತು. ಬೇರೆ ದೇಶದಲ್ಲಿದ್ದರೆ ಟೆಸ್ಟ್ ಮಾಡಿದವರನ್ನೇ ಕೇಳಿ: "ಇದನ್ನು ನಾನೇ ಓಡಿಸಿಕೊಂಡು ಹೋಗಬಹುದಾ?" ಉತ್ತರವನ್ನು ಆದಷ್ಟು ಬರಹದಲ್ಲಿ ಪಡೆಯಿರಿ.

ಬ್ರೇಕ್, ಸ್ಟೀರಿಂಗ್, ದಾರ ಕಾಣುವಷ್ಟು ಸವೆದ ಟೈರ್ ಇವುಗಳಲ್ಲಿ ಅಪಾಯಕಾರಿ ಎಂದು ಬರೆದಿದ್ದರೆ ಯೋಚನೆ ಮಾಡಲೇಬೇಡಿ. ಟೋಯಿಂಗ್ ಗಾಡಿ ಕರೆಸಿ. ಗ್ಯಾರೇಜ್ ಎರಡೇ ಕಿಲೋಮೀಟರ್ ದೂರದಲ್ಲಿದ್ದರೂ ಅಷ್ಟೆ. ಆ ಎರಡು ಕಿಲೋಮೀಟರ್‌ನಲ್ಲಿ ರಸ್ತೆ ದಾಟುವವರಿಗೆ ನಿಮ್ಮ ಬ್ರೇಕ್ ಹಿಡಿಯುವುದಿಲ್ಲ ಎಂದು ಗೊತ್ತಿರುವುದಿಲ್ಲ.

ಮರುಪರೀಕ್ಷೆಗೆ ಗಡುವು ಇರುತ್ತದೆ. ಬ್ರಿಟನ್ನಿನಲ್ಲಿ ಅದೇ ಕೇಂದ್ರಕ್ಕೆ 10 ಕೆಲಸದ ದಿನದೊಳಗೆ ವಾಪಸ್ ತಂದರೆ ಪೂರ್ತಿ ಟೆಸ್ಟ್ ಬೇಡ, ಸಾಮಾನ್ಯವಾಗಿ ಫೇಲ್ ಆದ ಭಾಗಗಳನ್ನಷ್ಟೇ ನೋಡುತ್ತಾರೆ. ಜರ್ಮನಿಯಲ್ಲಿ ಒಂದು ತಿಂಗಳು. ರಿಪೇರಿ ಬಿಲ್ ಜೋಪಾನವಾಗಿಡಿ.

ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು

ಫೇಲ್ ಆಗುವ ಗಾಡಿಗಳಲ್ಲಿ ಎಷ್ಟೋ ಗಾಡಿಗಳು ಉರಿಯದ ಬಲ್ಬ್, ಹರಿದ ವೈಪರ್, ಸವೆದ ಟೈರ್‌ನಂಥ ಕಾರಣಕ್ಕೇ ಫೇಲ್ ಆಗುತ್ತವೆ. ಇವಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಬ್ರೇಕ್ ಲೈಟ್ ನೋಡಲು ಕತ್ತಲಾದ ಮೇಲೆ ಗೋಡೆಗೆ ಹಿಂಭಾಗ ಮಾಡಿ ನಿಲ್ಲಿಸಿ ಪೆಡಲ್ ಒತ್ತಿದರೆ ಸಾಕು.

ಟೈರನ್ನು ಮಾತ್ರ ನಿಧಾನವಾಗಿ ನೋಡಿ. ಕಾರಿನ ಟೈರ್‌ನ ಗೀರು 1.6 ಮಿಲಿಮೀಟರ್‌ಗಿಂತ ಕಡಿಮೆ ಆಳ ಇರಬಾರದು ಅನ್ನುವುದು ಬಹಳಷ್ಟು ದೇಶಗಳ ನಿಯಮ. ಸ್ಕೇಲ್ ಹಿಡಿಯಬೇಕಾಗಿಲ್ಲ. ಟೈರ್‌ನ ಪಕ್ಕದಲ್ಲಿ ಟಿಡಬ್ಲ್ಯುಐ ಎಂದೋ ಪುಟ್ಟ ತ್ರಿಕೋನವೋ ಅಚ್ಚಾಗಿರುತ್ತದೆ. ಅದರ ನೇರಕ್ಕೆ ಗೀರಿನೊಳಗೆ ಬೆರಳಾಡಿಸಿ, ಅಡ್ಡಕ್ಕೆ ಸಣ್ಣ ರಬ್ಬರ್ ಉಬ್ಬು ಸಿಗುತ್ತದೆ. ಟೈರ್‌ನ ಮೇಲ್ಮೈ ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಟೈರ್ ಮುಗಿದಂತೆ. ಆಮೇಲೆ ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಟಾರ್ಚ್ ಹಾಕಿ ಒಳಗಿನ ಅಂಚನ್ನೂ ನೋಡಿ. ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲಬೇಕಾದ ಕೋನ, ತಪ್ಪಿದ ಗಾಡಿಯಲ್ಲಿ ಹೊರಗಿನ ಅಂಚು ಹೊಸದರಂತೆ ಇದ್ದು ಒಳಗಿನದು ನುಣ್ಣಗಾಗಿರುವುದುಂಟು.

ಬ್ರೇಕ್ ವಿಷಯದಲ್ಲಿ ಒಂದು ಮಾತು. "ನನ್ನ ಗಾಡಿ ಬ್ರೇಕ್ ಚೆನ್ನಾಗೇ ಹಿಡಿಯುತ್ತೆ, ಆದರೂ ಫೇಲ್ ಮಾಡಿದ್ರು" ಎಂದು ಸಿಟ್ಟಾಗುವವರಿದ್ದಾರೆ. ಟೆಸ್ಟ್‌ನ ರೋಲರ್ ಒಂದೊಂದು ಚಕ್ರದ ಬ್ರೇಕ್ ಬಲವನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಜಾಸ್ತಿ ಇದ್ದರೆ ಫೇಲ್. ಒಣ ರಸ್ತೆಯಲ್ಲಿ ಮೆಲ್ಲಗೆ ಒತ್ತುವಾಗ ಅದು ಕಾಲಿಗೆ ಗೊತ್ತಾಗುವುದೇ ಇಲ್ಲ. ಮಳೆಯಲ್ಲಿ ಗಟ್ಟಿಯಾಗಿ ತುಳಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಕೀಲಿ ಆನ್ ಮಾಡಿದಾಗ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ಇವುಗಳ ಎಚ್ಚರಿಕೆ ದೀಪಗಳು ಒಮ್ಮೆ ಹೊತ್ತಿ ಆರಬೇಕು. ಆರದ ದೀಪದ ಬಲ್ಬ್ ಕಿತ್ತುಹಾಕಿಸುವ ಉಪಾಯ ನಡೆಯುವುದಿಲ್ಲ. ದೀಪ ಹೊತ್ತದಿದ್ದರೂ ಟೆಸ್ಟ್ ಮಾಡುವವರು ಗಮನಿಸುತ್ತಾರೆ. ಹೊಗೆ ಪರೀಕ್ಷೆಗೆ ಇಂಜಿನ್ ಬಿಸಿಯಾಗಿರಲಿ. ಸೈಲೆನ್ಸರ್ ಕೊಳವೆಯಲ್ಲಿರುವ, ಹೊಗೆಯ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾಯದೆ ಕೆಲಸ ಮಾಡುವುದಿಲ್ಲ.

ಕೊನೇ ದಿನದವರೆಗೆ ಕಾಯುವುದು ಬೇಡ ಎಂದೇ ನನ್ನ ಸಲಹೆ. ಬ್ರಿಟನ್ನಿನಲ್ಲಿ ಅವಧಿ ಮುಗಿಯಲು ಒಂದು ತಿಂಗಳಿಗೆ ಒಂದು ದಿನ ಕಡಿಮೆ ಇರುವಾಗಲೇ ಟೆಸ್ಟ್ ಮಾಡಿಸಬಹುದು. ಪಾಸ್ ಆದರೆ ಮುಂದಿನ ವರ್ಷದ ತಾರೀಕು ಬದಲಾಗುವುದಿಲ್ಲ. ಫೇಲ್ ಆದರೆ ರಿಪೇರಿಗೆ ಸಮಯ ಇರುತ್ತದೆ.

ರಿಪೋರ್ಟೇ ತಪ್ಪು ಅನ್ನಿಸಿದರೆ ಅದನ್ನು ಪ್ರಶ್ನಿಸಬಹುದು. ಆದರೆ ಮೇಲ್ಮನವಿಗೆ ಮೊದಲು ಆ ಭಾಗವನ್ನು ರಿಪೇರಿ ಮಾಡಿಸಬೇಡಿ. ಬಿಚ್ಚಿ ಬದಲಾಯಿಸಿದ ಮೇಲೆ ಮತ್ತೆ ಪರೀಕ್ಷೆಗೆ ಬರುವವರಿಗೆ ನೋಡಲು ಏನೂ ಉಳಿದಿರುವುದಿಲ್ಲ.