ಅಮಲಿನ ಹಾಡನ್ನು ಕೇಳುವ ಬಗೆ

ಆಪೆರೆಟ್ಟಾ, ಅಂದರೆ ಹಾಡು-ಮಾತು ಬೆರೆತ ಪಾಶ್ಚಾತ್ಯ ಸಂಗೀತ ನಾಟಕ, ಸುಮ್ನೆ ಹಗುರ ಹಾಡು ಅಂತ ಮೂಗು ಮುರಿಯಬೇಡಿ. ಸಂಯೋಜಕ ಆಫೆನ್‌ಬಾಕ್‌ನ ‘ಲಾ ಪೆರಿಕೋಲ್’ನಿಂದ (ಪ್ಯಾರಿಸ್, 1868) ಶುರುಮಾಡಿ. ಫ್ರೆಂಚ್ ಗಾಯಕಿ ರೆಜೀನ್ ಕ್ರೆಸ್ಪ್ಯಾಂ ಹಾಡಿರುವುದನ್ನೇ ಹುಡುಕಿ. ಜರ್ಮನ್ ಸಂಯೋಜಕ ವ್ಯಾಗ್ನರ್‌ನ ಭಾರೀ ಆಪೆರಾಗಳಲ್ಲಿ ಪಳಗಿದ ಕಂಠ ಅದು.

ಮೊದಲು ಕಥೆ ತಿಳಿದುಕೊಳ್ಳಿ: ಹಸಿದ ಬೀದಿ ಗಾಯಕಿ, ಅವಳಿಗೆ ಹೊಟ್ಟೆ ತುಂಬ ಊಟ, ಜೊತೆಗೆ ವೈನು. ಆಮೇಲೆ ಅಮಲಿನ ಹಾಡು ಹಾಕಿ. ‘ಸ್ವಲ್ಪ ಏರಿದೆ, ಶ್! ಯಾರಿಗೂ ಹೇಳಬೇಡಿ’ ಅನ್ನುವ ಕಡೆ ಕಿವಿಗೊಡಿ. ತೂರಾಡುವುದು ಪಾತ್ರ ಮಾತ್ರ, ಸ್ವರ ಅಲ್ಲ. ನಮ್ಮ ಮೈಸೂರಿನ ಕಚೇರಿಗಳಲ್ಲಿ ಕೊನೆಗೆ ಜಾವಳಿ ಹಾಡುವ ವಿದುಷಿ ಎಷ್ಟೇ ತುಂಟಿಯಾದರೂ ಶ್ರುತಿ ಬಿಡೋದಿಲ್ಲ, ಅಲ್ವಾ?

ಸರಸ್ವತೀಪುರಂನ ನಮ್ಮ ಮನೆಯಲ್ಲಿ ರಾತ್ರಿ ಕುಕ್ಕರ್, ಟಿವಿ ಎಲ್ಲ ಸುಮ್ಮನಾದ ಮೇಲೇ ಇದು. ಇಯರ್‌ಫೋನ್ ಹಾಕಿ. ಫೋನ್ ಸ್ಪೀಕರ್‌ನಲ್ಲಿ ಆ ಪಿಸುಮಾತು ಕೇಳಿಸೋದೇ ಇಲ್ಲ.