ಟಿವಿ ಆಫ್ ಮಾಡಿದ ಮೇಲಿನ ಲೆಕ್ಕ: ಎಡ್‌ಟೆಕ್ ಸಂಶೋಧನೆಯನ್ನು ನಾನು ತರಗತಿಗೆ ತಂದ ಬಗೆ

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಸ್ಮಾರ್ಟ್ ಕ್ಲಾಸ್ ಟಿವಿ, ಸರ್ಕಾರದ ದೀಕ್ಷಾ ಕಲಿಕಾ ಆ್ಯಪ್, ಪಠ್ಯಪುಸ್ತಕದ ಕ್ಯೂಆರ್ ಕೋಡ್, ಈಗ ಎಐ, ಹೀಗೆ ಒಂದರ ಹಿಂದೆ ಒಂದು ಬರುತ್ತಲೇ ಇವೆ. ತರಬೇತಿಯಲ್ಲಿ ಬಳಸುವುದು ಹೇಗೆ ಅಂತ ತೋರಿಸುತ್ತಾರೆ. ಬಳಸಿದರೆ ಮಕ್ಕಳು ನಿಜವಾಗಿ ಕಲಿಯುತ್ತಾರಾ ಅನ್ನುವುದು ನನಗೆ ಬೇಕಾಗಿತ್ತು. ಹಾಗಾಗಿ ಎಡ್‌ಟೆಕ್, ಅಂದರೆ ಕಲಿಕೆಯಲ್ಲಿ ಬಳಸುವ ತಂತ್ರಜ್ಞಾನದ ಬಗೆಗಿನ ಸಂಶೋಧನಾ ಲೇಖನಗಳನ್ನು ಓದುವ ಅಭ್ಯಾಸ ಮಾಡಿಕೊಂಡೆ. ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದರೆ ಎಷ್ಟೋ ಲೇಖನಗಳ ಪಿಡಿಎಫ್ ದುಡ್ಡು ಕೊಡದೇ ಸಿಗುತ್ತದೆ. ಮೊದಲ ಪುಟದ ಸಾರಾಂಶ ಮತ್ತು ಪ್ರಯೋಗ ಹೇಗೆ ಮಾಡಿದರು ಅನ್ನುವ ಭಾಗ, ಇವೆರಡನ್ನು ನಿಧಾನಕ್ಕೆ ಓದಿದರೆ ಮುಕ್ಕಾಲು ಪಾಲು ತಿಳಿಯುತ್ತದೆ.

ಓದುತ್ತಾ ಹೋದಂತೆ, ಈ ಕ್ಷೇತ್ರದವರು ಕೇಳುವ ಪ್ರಶ್ನೆಯೇ ಬದಲಾಗುತ್ತಾ ಬಂದಿದ್ದು ಕಾಣಿಸಿತು. ಹಿಂದೆಲ್ಲ ರೇಡಿಯೋ ಮೇಲಾ, ಟಿವಿ ಮೇಲಾ, ಕಂಪ್ಯೂಟರ್ ಮೇಲಾ ಅಂತ ಹೋಲಿಸುತ್ತಿದ್ದರು. 1983ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ ಇದಕ್ಕೆ ಗಟ್ಟಿಯಾಗಿ ಆಕ್ಷೇಪ ಎತ್ತಿದರು. ದಿನಸಿ ತರುವ ಲಾರಿಯಿಂದ ನಮ್ಮ ಮೈಗೆ ಶಕ್ತಿ ಬರುವುದಿಲ್ಲ, ಪಾಠ ತಲುಪಿಸುವ ಯಂತ್ರವೂ ಹಾಗೇ ಅನ್ನುವುದು ಅವರ ವಾದ. ಇನ್ನೊಬ್ಬ ಸಂಶೋಧಕ ರಾಬರ್ಟ್ ಕೋಜ್ಮಾ ಇದನ್ನು ಒಪ್ಪಲಿಲ್ಲ. ಒಂದೊಂದು ಮಾಧ್ಯಮಕ್ಕೂ ಅದರದೇ ಶಕ್ತಿ ಇದೆ, ಅದನ್ನು ಪಾಠದಲ್ಲಿ ಹೇಗೆ ಬಳಸುತ್ತೀರಿ ನೋಡಿ ಅಂದರು.

ಆಮೇಲೆ ದೊಡ್ಡ ಪ್ರಯೋಗಗಳು ಬಂದವು. ಪೆರು ದೇಶದ 319 ಹಳ್ಳಿ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯನ್ನು ಪರೀಕ್ಷಿಸಿದರು. 2012ರಲ್ಲಿ ಫಲಿತಾಂಶ ಬಂತು: ಗಣಿತದಲ್ಲೂ ಭಾಷೆಯಲ್ಲೂ ಕಲಿಕೆ ಹೆಚ್ಚಿದ ಗುರುತು ಸಿಗಲಿಲ್ಲ. ಆದರೆ ದೆಹಲಿಯಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ಸಾಫ್ಟ್‌ವೇರ್‌ನ ಅಧ್ಯಯನದ ಕಥೆ ಬೇರೆ. ಅಲ್ಲಿ ಸಾಫ್ಟ್‌ವೇರ್ ಮೊದಲು ಮಗು ಯಾವ ಮಟ್ಟದಲ್ಲಿದೆ ಅಂತ ನೋಡುತ್ತಿತ್ತು, ಅಲ್ಲಿಂದಲೇ ಲೆಕ್ಕ ಕೊಡುತ್ತಿತ್ತು. ಜೊತೆಗೆ ಚಿಕ್ಕ ಗುಂಪಿನ ಪಾಠವೂ ಇತ್ತು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಮಕ್ಕಳು ಚೆನ್ನಾಗಿ ಮುಂದೆ ಬಂದರು. ಪ್ರಯೋಗ ಶುರುವಾಗುವಾಗ ಅಲ್ಲಿನ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರಂತೆ. ನಮ್ಮ ಒಂಬತ್ತನೇ ತರಗತಿಯಲ್ಲೂ ಭಿನ್ನರಾಶಿ ಕಂಡರೆ ಪೆನ್ನು ಕೆಳಗಿಡುವ ಮಕ್ಕಳಿದ್ದಾರೆ, ಅಲ್ವಾ? ಅಂಥ ಸಾಫ್ಟ್‌ವೇರ್ ನಮ್ಮಲ್ಲಿಲ್ಲ. ಆದರೆ ಹೊಸ ಅಧ್ಯಾಯ ಶುರು ಮಾಡುವ ಮುಂಚೆ ಹಿಂದಿನ ತರಗತಿಗಳ ಕೆಲವು ಲೆಕ್ಕ ಕೊಟ್ಟು, ಉತ್ತರ ನೋಡಿ, ಮೂರು ಬಗೆಯ ಅಭ್ಯಾಸ ಹಾಳೆ ಹಂಚುವುದು ಕಾಗದದಲ್ಲೇ ಆಗುತ್ತದೆ. ಅದನ್ನು ತಪ್ಪದೇ ಮಾಡುತ್ತೇನೆ.

ಟಿವಿಯನ್ನು ನಾನು ಜಾಸ್ತಿ ಬಳಸುವುದು ಗೆರೆ, ಆಕೃತಿಗಳನ್ನು ಬಿಡಿಸಿ ತೋರಿಸುವ ಜಿಯೋಜೀಬ್ರಾ ಸಾಫ್ಟ್‌ವೇರ್‌ಗೆ. y = mx + c ಪಾಠ ತಗೊಳ್ಳಿ: m ಅಂದರೆ ಗೆರೆಯ ವಾಲಿಕೆ, c ಅಂದರೆ ಗೆರೆ y ಅಕ್ಷವನ್ನು ದಾಟುವ ಜಾಗ. ಈ ಬೆಲೆಗಳನ್ನು ಬದಲಿಸುವ ಸ್ಲೈಡರ್ ಎಳೆದು ತೋರಿಸಿದರೆ ಮಕ್ಕಳು "ಹೌದು ಮಿಸ್, ಗೊತ್ತಾಯ್ತು" ಅನ್ನುತ್ತಾರೆ. ಅದಕ್ಕೇ ಶುರುವಿನಲ್ಲಿ ಕೈ ಕಟ್ಟಿ ನಿಲ್ಲುತ್ತೇನೆ, ಸ್ಲೈಡರ್ ಮುಟ್ಟುವುದಿಲ್ಲ. "m ಈಗ 2 ಇದೆ. −2 ಮಾಡ್ತೀನಿ. ಗೆರೆ ಏನಾಗುತ್ತೆ, ಬರೆದು ತೋರಿಸಿ" ಅನ್ನುತ್ತೇನೆ. ಎಲ್ಲರೂ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಬೇಕು. ಸಾಲುಗಳ ನಡುವೆ ಓಡಾಡಿದರೆ ಬಹಳ ಮಕ್ಕಳು ಅದೇ ಗೆರೆಯನ್ನು ಕೆಳಗೆ ಇಳಿಸಿರುವುದು ಕಾಣುತ್ತದೆ. ಋಣ ಸಂಖ್ಯೆ ಅಂದರೆ ಕೆಳಗೆ ಅಂತ ಅವರ ಲೆಕ್ಕಾಚಾರ. ಆಮೇಲೆ ಸ್ಲೈಡರ್ ಎಳೆಯುತ್ತೇನೆ. c ಇದ್ದ ಕಡೆಯೇ ಇರುತ್ತದೆ, ಗೆರೆ ಮಾತ್ರ ಆ ಬಿಂದುವಿನ ಸುತ್ತ ತಿರುಗಿ ಇನ್ನೊಂದು ಕಡೆ ವಾಲುತ್ತದೆ. "ಅಯ್ಯೋ, ತಿರುಗ್ತು!" ಅಂತ ಹಿಂದಿನ ಬೆಂಚಿನಿಂದ ಸದ್ದು ಬರುತ್ತದೆ. ಕರಿಹಲಗೆಯ ಮೇಲೆ ಈ ಚಲನೆ ತೋರಿಸಲು ಆಗುವುದಿಲ್ಲ. ಇಲ್ಲಿ ನಾನು ಕೋಜ್ಮಾ ಪರ.

ಎಐ ವಿಷಯಕ್ಕೆ ಬಂದರೆ, ಟರ್ಕಿಯ ಪ್ರೌಢಶಾಲೆಯೊಂದರ ಅಧ್ಯಯನವನ್ನು ಪ್ರತಿಯೊಬ್ಬ ಮೇಷ್ಟ್ರೂ ಓದಬೇಕು. 2025ರಲ್ಲಿ ಪ್ರಕಟವಾಯಿತು. ಸುಮಾರು ಸಾವಿರ ಮಕ್ಕಳು ಗಣಿತ ಅಭ್ಯಾಸ ಮಾಡಿದರು. ಮಾಮೂಲಿ ಚಾಟ್‌ಬಾಟ್ (ಕೇಳಿದ್ದಕ್ಕೆ ಉತ್ತರ ಬರೆಯುವ ಎಐ) ಸಿಕ್ಕವರ ಅಭ್ಯಾಸದ ಅಂಕ, ಅದು ಸಿಗದವರಿಗಿಂತ ಶೇ. 48 ಹೆಚ್ಚು ಬಂತು. ಆಮೇಲೆ ಚಾಟ್‌ಬಾಟ್ ಇಲ್ಲದೆ ಪರೀಕ್ಷೆ ಬರೆಸಿದಾಗ, ಅದನ್ನು ಕಂಡೇ ಇರದ ಮಕ್ಕಳಿಗಿಂತ ಶೇ. 17 ಕಡಿಮೆ ಬಂತು. ಉತ್ತರ ಹೇಳದೆ ಶಿಕ್ಷಕರು ಬರೆದ ಸುಳಿವು ಮಾತ್ರ ಕೊಡುತ್ತಿದ್ದ ಇನ್ನೊಂದು ಚಾಟ್‌ಬಾಟ್ ಬಳಸಿದವರಿಗೆ ಈ ನಷ್ಟ ಹೆಚ್ಚುಕಡಿಮೆ ಆಗಲಿಲ್ಲ. ಯಾವ ಹೊಸ ಆ್ಯಪ್‌ನ ಬಗ್ಗೆ ಓದಿದರೂ ನಾನೀಗ ಮೊದಲು ಹುಡುಕುವುದು ಇದನ್ನೇ: ಪರೀಕ್ಷೆ ಮಾಡಿದ್ದು ಆ್ಯಪ್ ಕೈಯಲ್ಲಿದ್ದಾಗಲಾ, ತೆಗೆದ ಮೇಲಾ?

ತರಗತಿಯಲ್ಲೂ ಇದೇ ಕ್ರಮ ಇಟ್ಟುಕೊಂಡಿದ್ದೇನೆ. ಎಐಗೆ ನಾನೇ ಕನ್ನಡದಲ್ಲಿ ಟೈಪ್ ಮಾಡುತ್ತೇನೆ: "ಉತ್ತರ ಬೇಡ, ಮುಂದಿನ ಒಂದೇ ಹೆಜ್ಜೆಗೆ ಸುಳಿವು ಕೊಡು." ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಅವರೇ ಹೇಳಬೇಕು, ಅದನ್ನೇ ಬರೆಯುತ್ತೇನೆ. ಬಂದ ಸುಳಿವನ್ನು ಮೊದಲು ನಾನು ಓದಿ, ಆಮೇಲೆ ಟಿವಿಗೆ ಹಾಕುತ್ತೇನೆ. ಕನ್ನಡದ ಉತ್ತರಗಳಲ್ಲಿ ಪಠ್ಯಪುಸ್ತಕದಲ್ಲಿಲ್ಲದ ಪದಗಳು ನುಸುಳುತ್ತವೆ. ಚರಾಕ್ಷರ (x, y ಥರ ಬೆಲೆ ಬದಲಾಗುವ ಅಕ್ಷರ) ಅನ್ನುವ ಕಡೆ ಬೇರೇನೋ ಬಂದರೆ ಮಕ್ಕಳಿಗೆ ಗೊಂದಲ. ಪೀರಿಯಡ್ ಮುಗಿಯುವ ಮುಂಚೆ ಟಿವಿ ಆಫ್ ಮಾಡುತ್ತೇನೆ, ಮಕ್ಕಳು ಅದೇ ಥರದ ಒಂದು ಲೆಕ್ಕವನ್ನು ಹಾಳೆಯಲ್ಲಿ ಒಬ್ಬೊಬ್ಬರೇ ಮಾಡಬೇಕು. ಅದಕ್ಕೆ ಅಂಕವಿಲ್ಲ. ಯಾರು ಯಾವ ಹೆಜ್ಜೆಯಲ್ಲಿ ನಿಂತರು ಅಂತಷ್ಟೇ ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮರುದಿನದ ಅಭ್ಯಾಸ ಹಾಳೆ ಅಲ್ಲಿಂದಲೇ ತಯಾರಾಗುತ್ತದೆ.